ಯುಗಾದಿಗೆ ಅಟ್ಟಕ್ಕೆ ಹಾಕಿದ ಕಾಯಿ

ಈ ದಸರಾ ರಜೆಯಲ್ಲಿ ಒಂದು ಕಥೆ ಮುಗಿಸಲೇಬೇಕಿತ್ತು. ಒಂದು ಮಾಸಪತ್ರಿಕೆಯವರು ಕೇಳಿದ್ದರು. 2,000 ಪದ ದಾಟಬಾರದು, ವಿಜಯದಶಮಿ ಕಳೆದು ಬರುವ ಸೋಮವಾರದೊಳಗೆ ಕಳಿಸಿ ಅಂತ.

ನನಗೆ ತುಮಕೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಸಂಜೆ ಕ್ಯಾಶ್ ತಾಳೆ ನೋಡಿ ಮನೆಗೆ ಬರುವಷ್ಟರಲ್ಲಿ ತಲೆಯೊಳಗೆ ಅಂಕಿ ಬಿಟ್ಟು ಬೇರೇನೂ ಉಳಿದಿರಲ್ಲ. ಹಾಗಾಗಿ ನನ್ನ ಕಥೆಗಳೆಲ್ಲ ಹಬ್ಬದ ರಜೆಯಲ್ಲಿ ಹುಟ್ಟಿದವು. ಗಣೇಶನ ಹಬ್ಬಕ್ಕೆ ಶುರು ಮಾಡಿ ಸಂಕ್ರಾಂತಿಗೆ ಮುಗಿಸಿದ್ದಿದೆ. ಯುಗಾದಿಯಿಂದ ಯುಗಾದಿಗೆ ಎಳೆದದ್ದೂ ಇದೆ. ಈ ಸಲ ಆಯುಧಪೂಜೆ, ವಿಜಯದಶಮಿಯ ಹಿಂದೆ ಮುಂದೆ ನಾಲ್ಕು ದಿನ ರಜೆ ಹಾಕಿದೆ. "ಎಲ್ಲಿಗೆ ಟ್ರಿಪ್ಪು ಮೇಡಂ?" ಅಂದರು ಮ್ಯಾನೇಜರು. "ಎಲ್ಲೂ ಇಲ್ಲ ಸಾರ್, ಕಥೆ ಬರೀಬೇಕು" ಅಂದೆ. ಅವರು ನಂಬಲಿಲ್ಲ. ಊಟಿಗೋ ಕೊಡಗಿಗೋ ಹೋಗಿ ಬಂದು ಚಾಕೊಲೇಟ್ ಕೊಡದೆ ತಪ್ಪಿಸಿಕೊಳ್ಳೋ ಪ್ಲಾನು ಅಂದುಕೊಂಡಿರಬೇಕು.

ನಾನು ಬರೆಯುವುದು ಹಳೇ ಡೈರಿಗಳಲ್ಲಿ. ಹೊಸ ವರ್ಷಕ್ಕೆ ಬ್ಯಾಂಕಿಗೆ ರಾಶಿ ಡೈರಿ ಬರುತ್ತವೆ, ಯಾರೂ ಬರೆಯಲ್ಲ. ಡಿಸೆಂಬರ್ ಹೊತ್ತಿಗೆ ನಾನು ಅವನ್ನೆಲ್ಲ ಮನೆಗೆ ಹೊತ್ತು ತರುತ್ತೇನೆ. ಕಾಗದ ಚೆನ್ನಾಗಿರುತ್ತೆ, ಇಂಕು ಹಿಂದಕ್ಕೆ ಮೂಡಲ್ಲ. ಒಂದೇ ತೊಂದರೆ, ಪ್ರತಿ ಪುಟದ ನೆತ್ತಿಯ ಮೇಲೂ ತಾರೀಖು, ತಿಥಿ, ಹಬ್ಬದ ಹೆಸರು. ಗಾಂಧಿ ಜಯಂತಿಯ ಪುಟದಲ್ಲಿ ಒಂದು ಕೊಲೆ ಮಾಡಿಸಿದ್ದೇನೆ. ಇದು ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಮುಂದೆ ಕೆಲಸಕ್ಕೆ ಬರುತ್ತೆ.

ಈ ಸಲದ ಕಥೆಯ ಹೆಸರು 'ಅಟ್ಟ'. ತಿಪಟೂರು ಕಡೆಯ ಒಂದು ಮನೆ. ಗಂಡ ತೀರಿಕೊಂಡ ಹೆಂಗಸು, ಇಬ್ಬರು ಗಂಡುಮಕ್ಕಳು. ತೋಟ ಪಾಲಾಗುತ್ತೆ, ಮನೆ ಪಾಲಾಗುತ್ತೆ, ಪಾತ್ರೆ ಪಡಗವೂ ಆಗುತ್ತೆ. ಅಟ್ಟದ ಮೇಲಿನ ತೆಂಗಿನಕಾಯಿ ಮಾತ್ರ ಉಳಿಯುತ್ತೆ. "ಅದು ಕೊಬ್ಬರಿ ಆಗ್ಲಿ, ಆಮೇಲೆ ಹಂಚ್ಕಳಿ. ಅಲ್ಲೀಗಂಟ ಮನೇಲಿ ಒಂದೇ ಒಲೆ ಉರೀಲಿ" ಅಂತಾಳೆ ತಾಯಿ. ಯುಗಾದಿಗೆ ಅಟ್ಟಕ್ಕೇರಿಸಿದ ಕಾಯಿಯನ್ನು ದಸರಾಕ್ಕೆ ಇಳಿಸುತ್ತಾರೆ. ಕಿರಿಯವನು ಒಂದನ್ನು ಒಡೆಯುತ್ತಾನೆ. ಗಿಟುಕ, ಅಂದರೆ ಒಳಗೇ ಒಣಗಿದ ಇಡೀ ಕೊಬ್ಬರಿ, ಒಂದು ಚೂರೂ ಮುರಿಯದೆ ಉಂಡೆಯಾಗಿ ಅಮ್ಮನ ಅಂಗೈಗೆ ಬೀಳುತ್ತೆ. ಅದನ್ನು ನೋಡಿ ಹಿರಿಯವನು ಪಾಲು ಬೇಡ ಅನ್ನುತ್ತಾನೆ. ಮುಗೀತು.

ಆ ಕೊನೆಯ ಪುಟ ನನಗೆ ಬಹಳ ಇಷ್ಟವಾಗಿತ್ತು. ಬರೆದು ಮುಗಿಸಿ ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಕೊಟ್ಟೆ. ಅವಳು ನಿಂತಲ್ಲೇ ಓದಿ, "ಚೆನ್ನಾಗಿದೆ. ಆದ್ರೆ ಲಾಸ್ಟಲ್ಲಿ ಸೀರಿಯಲ್ ತರ ಆಯ್ತು" ಅಂದಳು.

"ಯಾವ ಥರ ಸೀರಿಯಲ್ಲು?"

"ಏಳೂವರೆಗೆ ಅಜ್ಜಿ ನೋಡೋದು."

ಒಳಗಿಂದ ನಮ್ಮತ್ತೆ, "ಅದಕ್ಕೇನಾಗಿದೆ?" ಅಂದರು.

ಸಿಟ್ಟು ಬಂತು. ಕೊನೆ ಪುಟ ಮತ್ತೆ ಬರೆಯೋಣ ಅಂತ ಮಾರನೇ ಬೆಳಗ್ಗೆ ಕಾಫಿ ಹಿಡಿದು ಟೇಬಲ್ಲಿಗೆ ಬಂದರೆ ಡೈರಿಯೇ ಇಲ್ಲ. ಸರಸ್ವತಿ ಪೂಜೆಗೆ ಇಟ್ಟುಬಿಟ್ಟಿದ್ದರು ನಮ್ಮತ್ತೆ. ದೇವರ ಮನೆಯಲ್ಲಿ ಮಗಳ ವಿಜ್ಞಾನದ ಪುಸ್ತಕ, ಯಜಮಾನರ ಪಾಲಿಸಿ ಫೈಲು, ಅದರ ಮೇಲೆ ನನ್ನ ಡೈರಿ, ಅದರ ಮೇಲೆ ಪೆನ್ನು, ಪೆನ್ನಿನ ಮೇಲೆ ಸೇವಂತಿಗೆ. ರಟ್ಟಿಗೆ ಅರಿಶಿನ ಕುಂಕುಮ.

"ಅತ್ತೆ, ಅದು ಬೇಕಿತ್ತು."

"ದಶಮಿ ದಿನ ತೆಗೀತೀನಿ. ಅಲ್ಲೀತನಕ ಓದಬಾರದು, ಬರೀಬಾರದು. ಗೊತ್ತಿಲ್ವಾ?"

ಗೊತ್ತಿತ್ತು. ಚಿಕ್ಕಂದಿನಲ್ಲಿ ವರ್ಷದಲ್ಲಿ ನನಗೆ ಬಹಳ ಇಷ್ಟವಾದ ದಿನಗಳೇ ಇವು. ಹೋಮ್‌ವರ್ಕ್ ಮಾಡದಿದ್ದರೆ ಪುಣ್ಯ ಬರೋ ಮೂರು ದಿನ. ಬರೆಯಲೆಂದೇ ರಜೆ ಹಾಕಿದವಳಿಗೆ ಮೂರು ದಿನ ಬರೆಯದಂತೆ ಆಗಿದ್ದು ಈ ಸಲ. ಲ್ಯಾಪ್‌ಟಾಪಿನಲ್ಲಿ ಬರೆಯಬಹುದಿತ್ತು ಅನ್ನಿ. ಅದಕ್ಕೆ ಆಯುಧಪೂಜೆ ಇನ್ನೂ ಆಗಿರಲಿಲ್ಲವಲ್ಲ. ಆದರೆ ಕಥೆಯಿದ್ದದ್ದು ಡೈರಿಯಲ್ಲಿ. ಬಿಟ್ಟೆ.

ಮನೆಯಲ್ಲಿ ಕೂತರೆ ಗೊಂಬೆ ಕೂರಿಸಿದ ಹಂತ ಒರೆಸುವ ಕೆಲಸ ಬೀಳುತ್ತೆ ಅಂತ ಮಗಳನ್ನು ಸ್ಕೂಟರ್ ಹತ್ತಿಸಿಕೊಂಡು ಕೈದಾಳಕ್ಕೆ ಹೊರಟೆ. ಊರಲ್ಲಿ ಹುಟ್ಟಿ ಬೆಳೆದವಳು, ಇಷ್ಟು ಹತ್ತಿರದ ದೇವಸ್ಥಾನವನ್ನು ಹತ್ತು ವರ್ಷದಿಂದ ನೋಡಿರಲಿಲ್ಲ. ಕುಣಿಗಲ್ ರಸ್ತೆಯಲ್ಲಿ ಮೊದಲು ಗೂಳೂರು ಸಿಗುತ್ತೆ. ಗೂಳೂರು ಗಣಪ ಗೊತ್ತಲ್ಲ? ಎಲ್ಲರ ಗಣಪತಿ ಚೌತಿ ಮುಗಿಸಿ ನೀರಿಗೆ ಹೋದರೆ, ಈ ಊರವರು ಚೌತಿಗೆ ಕೆರೆ ಮಣ್ಣು ತಂದು ಮೂರ್ತಿ ಮಾಡಲು ಶುರು ಮಾಡುತ್ತಾರೆ. ದೀಪಾವಳಿಯ ಬಲಿಪಾಡ್ಯಮಿಗೆ ಪೂರ್ತಿಯಾಗಿ ಪೂಜೆ ಶುರು. ಕಾರ್ತಿಕ ಕಳೆದ ಮೇಲೆ ಅದೇ ಕೆರೆಗೆ ವಾಪಸ್. ಅಂದರೆ ದಸರಾದಲ್ಲಿ ಅವನು ಅರ್ಧ ದೇವರು. ಮೂರ್ತಿ ಎಷ್ಟಾಗಿದೆ ನೋಡೋಣ ಅಂದೆ. ಮಗಳು, "ಬೇಡ ಅಮ್ಮಾ, ಮುಗಿದಿಲ್ಲ ಅಂದ್ರೆ ಯಾಕೆ ನೋಡ್ಬೇಕು? ನಿಂಗೆ ಯಾರಾದ್ರೂ ಡೈರಿ ತೆಗೆದು ನೋಡಿದ್ರೆ ಇಷ್ಟ ಆಗುತ್ತಾ?" ಅಂದಳು. ಅಲ್ಲಿ ನಿಲ್ಲಿಸಲಿಲ್ಲ.

ಕೈದಾಳದ ಚೆನ್ನಕೇಶವನ ಮುಂದೆ ನಿಂತು ಅವಳಿಗೆ ಜಕಣಾಚಾರಿಯ ಕಥೆ ಹೇಳಿದೆ. ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಕಥೆ, ಅವಳಿಗೂ ಅರ್ಧ ಗೊತ್ತಿತ್ತು. ಬೇಲೂರಿನಲ್ಲಿ ಮೂರ್ತಿ ಸಿದ್ಧವಾಗಿದೆ. ಎಲ್ಲಿಂದಲೋ ಬಂದ ಹುಡುಗ, ಈ ಕಲ್ಲಿನಲ್ಲಿ ದೋಷ ಇದೆ ಅನ್ನುತ್ತಾನೆ. ಇದ್ದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಅನ್ನುತ್ತಾನೆ ಜಕಣಾಚಾರಿ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತೆ, ಹೊಕ್ಕುಳ ಹತ್ತಿರ ಒಣಗಲ್ಲ. ಅಲ್ಲಿ ಉಳಿಯಿಂದ ತಟ್ಟಿದರೆ ನೀರು, ಮರಳು, ಒಂದು ಜೀವಂತ ಕಪ್ಪೆ. ಹುಡುಗ ಬೇರೆ ಯಾರೂ ಅಲ್ಲ, ಅವನ ಮಗ ಡಂಕಣ. ಕೈ ಕಳೆದುಕೊಂಡ ಜಕಣಾಚಾರಿ ಹುಟ್ಟೂರಿಗೆ ಬಂದು ಈ ಗುಡಿ ಕಟ್ಟುತ್ತಾನೆ, ಕೈ ಮತ್ತೆ ಬರುತ್ತೆ. ಅದಕ್ಕೇ ಊರಿಗೆ ಕೈದಾಳ ಅಂತ ಹೆಸರು. ಬೇಲೂರಿನಲ್ಲಿ ಇವತ್ತಿಗೂ ಕಪ್ಪೆ ಚೆನ್ನಿಗರಾಯನ ಗುಡಿ ಇದೆ.

ಇತಿಹಾಸದ ಲೆಕ್ಕ ಬೇರೆ. ಈ ಗುಡಿ ಕಟ್ಟಿಸಿದವನು ಹೊಯ್ಸಳ ಒಂದನೇ ನರಸಿಂಹನ ಕೈಕೆಳಗಿನ ಸಾಮಂತ ಗೂಳೆಬಾಚಿ, ಕಾಲ 1150ರ ಆಸುಪಾಸು. ಬೇಲೂರಿನದು 1117. ಬ್ಯಾಂಕಿನವಳಲ್ಲವಾ, ಕೂಡಿ ಕಳೆದು ನೋಡಿದೆ. ಎರಡಕ್ಕೂ ನಡುವೆ ಮೂವತ್ತಮೂರು ವರ್ಷ. ಅಷ್ಟು ವರ್ಷ ಕೈಯಿಲ್ಲದೆ ಏನು ಮಾಡುತ್ತಿದ್ದ ಪುಣ್ಯಾತ್ಮ? ಜಕಣಾಚಾರಿ ಅನ್ನುವವನು ಇದ್ದನೇ ಅಂತಲೇ ಬಲ್ಲವರು ಅನುಮಾನ ಪಡುತ್ತಾರೆ. ಆದರೆ ನೋಡಿ, ದುಡ್ಡು ಹಾಕಿ ಗುಡಿ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೊರೆಸಿಕೊಂಡ ಗೂಳೆಬಾಚಿಯ ಹೆಸರು ತುಮಕೂರಲ್ಲಿ ನೂರು ಜನರನ್ನು ಕೇಳಿದರೆ ಇಬ್ಬರಿಗೆ ಗೊತ್ತಿದ್ದರೆ ಹೆಚ್ಚು. ಕಪ್ಪೆ ಎಲ್ಲರಿಗೂ ಗೊತ್ತು. ಕಥೆ ಬರೆಯೋರಿಗೆ ಒಳಗೊಳಗೇ ಖುಷಿ ಕೊಡುವ ವಿಷಯ ಇದು. ಗೂಳೆಬಾಚಿಯ ಮುಂದೆ ಹೇಳುವಂಥದ್ದಲ್ಲ.

ವಾಪಸ್ ಬರುವಾಗ ಮಗಳು ಹಿಂದಿನಿಂದ ಹೆಲ್ಮೆಟ್ ಕುಟ್ಟಿ, "ಅಮ್ಮಾ, ನಿನ್ನ ಕಥೆಗೂ ಗಂಧ ಬಳಿದು ನೋಡ್ಬೇಕು" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಥೆಯ ತಪ್ಪಿಗೆ ಕಪ್ಪೆ ಅಂತ ಹೆಸರು. ಸಾರಿಗೆ ಉಪ್ಪು ಜಾಸ್ತಿಯಾದರೂ ಕಪ್ಪೆಯೇ.

ಆಯುಧಪೂಜೆ ಬಂತು, ಹೋಯಿತು. ಸ್ಕೂಟರ್ ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮಿಕ್ಸಿಯಿಂದ ಹಿಡಿದು ಮಗಳ ಜಾಮಿಟ್ರಿ ಬಾಕ್ಸಿನವರೆಗೆ ಎಲ್ಲಕ್ಕೂ ಕುಂಕುಮ ಇಟ್ಟದ್ದಾಯಿತು. ವಿಜಯದಶಮಿ ದಿನ ನಮ್ಮತ್ತೆ ಡೈರಿ ಕೈಗಿಟ್ಟು, "ಇವತ್ತು ಒಂದು ಸಾಲಾದ್ರೂ ಬರಿ, ಒಳ್ಳೇದಾಗುತ್ತೆ" ಅಂದರು. ಒಂದು ಸಾಲು ಬರೆದೆ. ಹೊಡೆದು ಹಾಕಿದೆ. ಅದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ಕೇಳಲಿಲ್ಲ.

ಮಾರನೇ ದಿನ ತಿಪಟೂರು ಕಡೆ ಹಳ್ಳಿಗೆ ಬನ್ನಿ ಕೊಡಲು ಹೋಗಬೇಕಿತ್ತು. ಅಲ್ಲಿ ನಮ್ಮತ್ತೆಯ ಅಕ್ಕ ಇದ್ದಾರೆ. ನಮ್ಮ ಯಜಮಾನರು ದೊಡ್ಡಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ರೈಲಲ್ಲಿ ಹೋದೆವು. ಗುಬ್ಬಿ ದಾಟಿದ ಮೇಲೆ ತೆಂಗು ಹೆಚ್ಚಾಗುತ್ತಾ ಹೋಗುತ್ತೆ. ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ. ಆಮೇಲೆ ಕಿಟಕಿಯಲ್ಲಿ ಬರೀ ಕಂಬ ಕಂಬ ಮರ. ಡೈರಿ ಬ್ಯಾಗಿನಲ್ಲಿತ್ತು. ಮಗಳ ಮಾತು ಕೇಳಿ ಅಣ್ಣ ತಮ್ಮಂದಿರ ಕೊನೆಯ ಮಾತು ತಿದ್ದುತ್ತಾ ಕೂತೆ. ಮಾತು ಕಡಿಮೆ ಮಾಡಿದೆ. ಹಿರಿಯವನ ಕಣ್ಣಲ್ಲಿ ನೀರು ಬರೋದನ್ನು ತೆಗೆದೆ. ಆದರೂ ಏನೋ ಸರಿ ಇರಲಿಲ್ಲ.

ನಾವು ಹೋದಾಗ ದೊಡ್ಡಮ್ಮ ಹಿತ್ತಿಲಲ್ಲಿ ಕೊಬ್ಬರಿ ಒಡೆಯುತ್ತಾ ಕೂತಿದ್ದರು. ಎಪ್ಪತ್ತು ದಾಟಿದೆ, ಕೂತರೆ ಏಳಲ್ಲ. ಆಳೊಬ್ಬ ಅಟ್ಟದಿಂದ ಇಳಿಸಿದ ಕಾಯಿಯನ್ನು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಚುಚ್ಚಿ ತಿರುಚಿ ಸಿಪ್ಪೆ ಬಿಡಿಸಿ ಇವರತ್ತ ಉರುಳಿಸುತ್ತಿದ್ದ. ಇವರು ಕಾಯಿಯನ್ನು ಎಡ ಅಂಗೈಯಲ್ಲಿ ಹಿಡಿದು, ಮಚ್ಚಿನಿಂದ ಒಂದು ಕಡೆ ಮೆಲ್ಲಗೆ ಹೊಡೆದು, ತಿರುಗಿಸಿ ಇನ್ನೊಂದು ಕಡೆ ಹೊಡೆಯುತ್ತಿದ್ದರು. ಕರಟ ಬಾಯಿ ಬಿಡುತ್ತಿತ್ತು. ಒಳಗಿಂದ ಕಂದು ಬಣ್ಣದ ಗುಂಡನೆ ಗಿಟುಕ ಇಡಿಯಾಗಿ ಜಾರಿ ಬೀಳುತ್ತಿತ್ತು. ಏಟು ಒಂದು ಗುಲಗಂಜಿ ಜಾಸ್ತಿಯಾದರೆ ಗಿಟುಕ ಹೋಳಾಗುತ್ತೆ, ರೇಟು ಬೀಳುತ್ತೆ. ಒಡೆಯುವ ಮುಂಚೆ ಪ್ರತಿಯೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೆಲವನ್ನು ಪಕ್ಕಕ್ಕಿಡುತ್ತಿದ್ದರು. ಅದನ್ನು ನೋಡಿದಾಗಲಾದರೂ ನನಗೆ ಹೊಳೆಯಬೇಕಿತ್ತು.

"ಅದೇನವ್ವ ಆಗ್ಲಿಂದ ಬುಕ್ಕು ಹಿಡ್ಕಂಡ್ ಕೂತಿದೀಯ, ಓದು, ನಾವೂ ಕೇಳಾನ" ಅಂದರು. ಕೊಬ್ಬರಿಯ ಕಥೆ ಅಂದೆ. ಇನ್ನೂ ಖುಷಿಯಾಯಿತು ಅವರಿಗೆ. ಓದಿದೆ. ಪಾಲಿನ ಜಗಳ ಬಂದಾಗ "ಹೂಂ, ಹಂಗೇಯ" ಅಂದರು. ಪಾತ್ರೆ ಹಂಚುವ ಭಾಗದಲ್ಲಿ ಒಂದು ಸಲ ನಕ್ಕರು. ಗಿಟುಕ ಅಂಗೈಗೆ ಬಿತ್ತು. ಸುಮ್ಮನಿದ್ದರು. ನಾನು ಡೈರಿ ಮುಚ್ಚಿದೆ.

"ಅಟ್ಟಕ್ಕೆ ಯಾವಾಗ ಹಾಕಿದ್ದು ಅಂದೆ?"

"ಯುಗಾದಿಗೆ ದೊಡ್ಡಮ್ಮ."

"ಇಳಿಸಿದ್ದು?"

"ದಸರಾಕ್ಕೆ."

"ಇದೇ ದಸ್ರಾನಾ, ಬರೋ ವರ್ಸದ್ದಾ?"

"ಇದೇ."

ಮಚ್ಚು ಕೆಳಗಿಟ್ಟರು. "ಆರ್ ತಿಂಗ್ಳಿಗೆ ಎಲ್ಲಿಂದ ಬರ್ತದವ್ವ ಗಿಟ್ಕ? ಇನ್ನೂ ಒಳಗೆ ನೀರಾಡ್ತಿರ್ತೈತೆ!"

ಸಿಪ್ಪೆ ಬಿಡಿಸುತ್ತಿದ್ದ ಆಳು ಕೂಡ ನನ್ನ ಕಡೆ ತಿರುಗಿ ನೋಡಿದ. ಮಗಳು ಮೆಲ್ಲಗೆ "ಕಪ್ಪೆ" ಅಂದಳು.

ತುಮಕೂರಿನ ಬಾಡಿಗೆ ಮನೆಗಳಲ್ಲಿ ಬೆಳೆದವಳು ನಾನು. ಕೊಬ್ಬರಿ ನಮಗೆ ಅಂಗಡಿಯಲ್ಲಿ ಸಿಗುವ ಸಾಮಾನು. ಅಟ್ಟ ನೋಡಿದ್ದೆ, ಕಾಯಿ ಒಣಗಿಸುತ್ತಾರೆ ಅಂತ ಗೊತ್ತಿತ್ತು. ಎಷ್ಟು ದಿನ ಅಂತ ಯಾವತ್ತೂ ಕೇಳಿರಲಿಲ್ಲ. ಬಿಸಿಲಿಗೆ ಹೋಳು ಹರಡಿ ಒಣಗಿಸುವ ಬಟ್ಟಲು ಕೊಬ್ಬರಿ ಕೆಲವೇ ದಿನದಲ್ಲಿ ಆಗುತ್ತೆ, ಅದು ಎಣ್ಣೆಗೆ. ತಿಪಟೂರಿನ ಉಂಡೆ ಕೊಬ್ಬರಿಗೆ ಬಿಸಿಲು ಬೇಡ, ಕಾಲ ಬೇಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಗಾಳಿಯಾಡುವ ಅಟ್ಟದ ಮೇಲೆ ಹಾಕಿ ಹತ್ತು ಹನ್ನೆರಡು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನೇ ಇಂಗಬೇಕು. ತಿರುಳು ಒಣಗಿ ಕುಗ್ಗಿ ಕರಟದಿಂದ ಬಿಡಬೇಕು. ಆಗ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತೆ. ಕರಟಕ್ಕೆ ಅಂಟಿಕೊಂಡಿರುವಾಗ ಒಡೆದರೆ ಉಂಡೆಯಾಗಿ ಬರುವ ಮಾತೇ ಇಲ್ಲ. ನನ್ನ ಕಥೆಯ ಕೊನೆ ನಿಂತಿದ್ದೇ ಆ ಉಂಡೆಯ ಮೇಲೆ.

ದೊಡ್ಡಮ್ಮ ಪಕ್ಕಕ್ಕಿಟ್ಟಿದ್ದ ಕಾಯಿ ಒಂದನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು. ಗುಳುಕ್ ಅಂತು. ನೀರು ತುಂಬ ಇಲ್ಲ, ಒಂದೆರಡು ಗುಟುಕು ಇರಬಹುದು. ಇನ್ನೊಂದು ಕಾಯಿ ಹಿಡಿದರು. ಲೊಟ್ ಲೊಟ್. ಇನ್ನೊಂದು ಒಡೆದು ತೋರಿಸಿದರು, ಅದು ಅಟ್ಟದ ಮೇಲೇ ಮೊಳಕೆ ಬಂದು ಒಳಗೆ ಬೆಳ್ಳನೆ ಸ್ಪಂಜಿನಂಥ ಹೂವು ಕಟ್ಟಿತ್ತು. ಮಗಳು ತಿಂದಳು, ಸಿಹಿಯಾಗಿದೆ ಅಂದಳು. ಕೌಟು ಹಿಡಿದದ್ದು ನಾಲ್ಕೈದು ಬೇರೆ ರಾಶಿಯಲ್ಲಿದ್ದವು. "ಈಗ್ಯಾರು ವರ್ಸಗಟ್ಲೆ ಕಾಯ್ತಾರೆ? ಎಳನೀರಿಗೇ ದುಡ್ಡು, ಹಸಿಕಾಯಿಗೇ ದುಡ್ಡು" ಅಂದರು. ಅದೂ ನಿಜವೇ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ 20,000 ದಾಟಿ ಹೋಗಿತ್ತು. ಅಟ್ಟ ತುಂಬಿದ್ದವರೇ ಕಡಿಮೆಯಾಗಿದ್ದರು.

ಯುಗಾದಿ ನನ್ನ ತಲೆಗೆ ಎಲ್ಲಿಂದ ಬಂತು ಅಂತ ಅಂದು ರಾತ್ರಿ ಡೈರಿ ತಿರುವಿ ನೋಡಿದೆ. ಅಟ್ಟಕ್ಕೆ ಕಾಯಿ ಏರಿಸುವ ಪುಟದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು: ಯುಗಾದಿ. ಅಷ್ಟೇ! ನಾನು ಯೋಚಿಸಿ ಆರಿಸಿದ್ದಲ್ಲ. ಕಣ್ಣಿಗೆ ಬಿದ್ದದ್ದನ್ನು ಕೈ ಬರೆದುಕೊಂಡಿದೆ.

ತಿದ್ದೋದು ಸುಲಭ ಅಂದುಕೊಂಡೆ. ದಸರಾ ಬದಲು ಮುಂದಿನ ಯುಗಾದಿ ಅಂತ ಮಾಡಿದರೆ ಮುಗೀತಲ್ಲ. ಮಾಡಿದೆ. ಓದಿದೆ. ಲೆಕ್ಕ ತಾಳೆಯಾಯಿತು, ಕಥೆ ಮಾತ್ರ ಮೊದಲಿಗಿಂತ ಸಪ್ಪೆಯಾಯಿತು. ರಾತ್ರಿ ಹನ್ನೊಂದಾದರೂ ನಿದ್ದೆ ಬರಲಿಲ್ಲ. ಮೇಲೆ ಅಟ್ಟದಲ್ಲಿ ಇಲಿ ಓಡಾಡುತ್ತಿತ್ತು. ಒಂದು ಕಾಯಿ ಉರುಳಿದ ಸದ್ದಾಯಿತು. ದೊಡ್ಡಮ್ಮನ ಮಾತು ಮತ್ತೆ ನೆನಪಿಗೆ ಬಂತು, ಇನ್ನೂ ಒಳಗೆ ನೀರಾಡ್ತಿರ್ತೈತೆ.

ಎದ್ದು ಕೂತೆ. ಹುಟ್ಟಿದಾಗಿನಿಂದ ಕೊಬ್ಬರಿ ಒಡೆದ ಹೆಂಗಸಿಗೆ ಆರು ತಿಂಗಳಿಗೆ ಗಿಟುಕ ಆಗಲ್ಲ ಅಂತ ಗೊತ್ತಿರಲ್ವಾ? ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು! ಹಾಗಿದ್ದೂ ದಸರಾಕ್ಕೆ ಇಳಿಸಿ ಅಂದಳು ಅಂದರೆ, ಬೇಕಂತಲೇ ಅಂದಳು. ಮಕ್ಕಳು ಒಂದು ವರ್ಷ ಕಾಯಿರಿ ಅಂದರೆ ಕಾಯುವವರಲ್ಲ. ಆರು ತಿಂಗಳಾದರೆ ಒಪ್ಪುತ್ತಾರೆ.

ಮೊಬೈಲ್ ಬೆಳಕಿನಲ್ಲಿ ಅಲ್ಲೇ ಬರೆದೆ. ದಸರಾ ದಿನ. ಕಿರಿಯವನು ಕಾಯಿ ಒಡೆಯುತ್ತಾನೆ. ಗಿಟುಕ ಬೀಳಲ್ಲ. ಅವನ ಮೊಣಕೈ ತನಕ ನೀರು ಇಳಿಯುತ್ತೆ. ಪೇಟೆಯಲ್ಲಿ ಓದಿದ ಇಬ್ಬರಿಗೂ ಏನಾಯಿತು ತಿಳಿಯಲ್ಲ. ತಾಯಿ ಸೆರಗಿನಲ್ಲಿ ಅವನ ಕೈ ಒರೆಸಿ, "ಇನ್ನೂ ಆಗಿಲ್ಲ ಕಣ್ರಪ್ಪ, ಇನ್ನೊಂದಾರ್ ತಿಂಗ್ಳು ಹೋಗ್ಲಿ" ಅಂತ ಹೇಳಿ ಒಲೆ ಹಚ್ಚಲು ಒಳಗೆ ಹೋಗುತ್ತಾಳೆ. ಹಿರಿಯವನಿಗೆ ಕೊನೆಯಲ್ಲಿ ಮಾತೇ ಇಲ್ಲ. ಮುಂಚೆ ಎರಡು ಪುಟ ತಿಂದಿದ್ದ ಕೊನೆ ಅರ್ಧ ಪುಟಕ್ಕೆ ಬಂತು.

ಇದಿಷ್ಟೂ ಒಂದೇ ರಾತ್ರಿಯಲ್ಲಿ ಆಯಿತು ಅಂದರೆ ಸುಳ್ಳಾಗುತ್ತೆ. ತುಮಕೂರಿಗೆ ಬಂದ ಮೇಲೆ ಹಿಂದಿನ ಪುಟಗಳನ್ನೆಲ್ಲ ಬಗ್ಗಿಸಬೇಕಾಯಿತು. ಮೊದಲು ಆ ತಾಯಿ ಬರೀ ಅಳುವ ಹೆಂಗಸಾಗಿದ್ದಳು. ಲೆಕ್ಕ ಗೊತ್ತಿರುವ ಹೆಂಗಸು ಅಷ್ಟು ಅಳಲ್ಲ. ಮೂರು ಕಡೆ ಅಳು ತೆಗೆದೆ. ಒಂದು ಕಡೆ ಅವಳ ಕೈಯಿಂದ ಕಾಯಿ ಎಣಿಸಿದೆ. ಯಾರಿಗೂ ಗೊತ್ತಾಗದ ಹಾಗೆ ಒಂದು ಸಲ ಕಾಯಿಯನ್ನು ಕಿವಿಗೆ ಹಿಡಿಸಿದೆ. ಟೈಪ್ ಮಾಡಿದಾಗ 2,140 ಪದ ಆಯಿತು, ಪಾತ್ರೆ ಹಂಚುವ ಭಾಗದಿಂದ ನೂರೈವತ್ತು ಕಿತ್ತೆ. ದೊಡ್ಡಮ್ಮ ನಕ್ಕ ಸಾಲು ಮಾತ್ರ ಮುಟ್ಟಲಿಲ್ಲ. ಸೋಮವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಕಳಿಸಿದೆ.

ಮಗಳು ಓದಿ ಏನೂ ಅನ್ನಲಿಲ್ಲ. ಅದು ಒಳ್ಳೆಯ ಲಕ್ಷಣ. ನಮ್ಮತ್ತೆ, "ಹಾಗಾದ್ರೆ ಆ ಮಕ್ಕಳು ಕೊನೆಗೆ ಒಟ್ಟಿಗಿದ್ರಾ ಇಲ್ವಾ?" ಅಂತ ಎರಡು ದಿನ ಕೇಳಿದರು.

ಬುಧವಾರ ದೊಡ್ಡಮ್ಮನಿಗೆ ಫೋನ್ ಮಾಡಿ ಹೊಸ ಕೊನೆ ಓದಿ ಹೇಳಿದೆ. ಪೂರ್ತಿ ಕೇಳಿದರು. "ಈಗ ಸರಿಹೋಯ್ತು" ಅಂದರು. ನಾನು ಇನ್ನೇನು ಉಬ್ಬಬೇಕು, ಅಷ್ಟರಲ್ಲಿ, "ಅಟ್ಟದಾಗೆ ಹಿಂದಿನ ಸಲ ಕಿತ್ತಿದ್ ಕಾಯೂ ಇದ್ದೇ ಇರ್ತವಲ್ಲವ್ವ? ಅದ್ರಾಗೆ ಒಣಗಿರೋವೂ ಸಿಕ್ತವೆ. ಅವ್ನ ಕೈಗೆ ಹಸಿದೇ ಹೆಂಗೆ ಸಿಕ್ತು? ಅವ್ಳೇ ಎತ್ತಿ ಕೊಟ್ಲು ತಾನೆ?" ಅಂದರು.

ಪತ್ರಿಕೆಯವರಿಗೆ ಫೋನ್ ಮಾಡಿದೆ. ಒಂದೇ ಒಂದು ಸಾಲು ಸೇರಿಸಬೇಕು ಸಾರ್ ಅಂದೆ. ಪುಟ ಕಟ್ಟಿ ಆಯಿತಲ್ಲ ಮೇಡಂ ಅಂದರು.

ಗುಳುಕ್ ಅಂದ ಆ ಕಾಯಿಯನ್ನು ದೊಡ್ಡಮ್ಮ ನಮಗೆ ಕಟ್ಟಿ ಕೊಟ್ಟಿದ್ದರು. ಅಡುಗೆಮನೆಯ ಸಜ್ಜೆಯ ಮೇಲೆ ಇಟ್ಟಿದ್ದೇವೆ. ಮಗಳು ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ತಾರೀಖು ಬರೆದಿದ್ದಾಳೆ. ಶಾಲೆಯಿಂದ ಬಂದವಳೇ ಸ್ಟೂಲ್ ಹತ್ತಿ ಅಲ್ಲಾಡಿಸಿ ನೋಡುತ್ತಾಳೆ. ನಮ್ಮತ್ತೆ ಈಗಾಗಲೇ ಎರಡು ಸಲ ಅದನ್ನು ಚಟ್ನಿಗೆ ಒಡೆಯಲು ಹೊರಟಿದ್ದರು.